ಡಿಂಗನ ಕಾಡಲ್ಲಿ ಬೋರ್ಡು ಇರಲಿಲ್ಲ

ಹೋದ ತಿಂಗಳು ಎರಡು ದಿನ ರಜ ಸಿಕ್ಕಿತು ಅಂತ ಊರಿಗೆ ಹೋಗಿದ್ದೆ. ಊರು ಅಂದ್ರೆ ರಾತ್ರಿಯೆಲ್ಲಾ ಬಸ್ಸಲ್ಲಿ ಕೂತು ಹೋಗೋ ಊರೇನಲ್ಲ. ಹೊಸಕೋಟೆ ತಾಲೂಕಿನ ಸಮೇತನಹಳ್ಳಿ, ಕಾಡುಗೋಡಿ ದಾಟಿದರೆ ಬಂತು. 2023ರಲ್ಲಿ ಮೆಟ್ರೋ ಕಾಡುಗೋಡಿ ತನಕ ಬಂದ ಮೇಲಂತೂ ಆಫೀಸಿನವರು "ನಿಂದೇನಪ್ಪಾ, ನಿಮ್ಮೂರೂ ಬೆಂಗಳೂರೇ" ಅಂತ ರೇಗಿಸ್ತಾರೆ. ಇರಲಿ. ಅಮ್ಮನ ಕೈಯ ಮುದ್ದೆ, ಬಸ್ಸಾರು ತಿಂದು ಮಧ್ಯಾಹ್ನ ಒಂದು ನಿದ್ದೆ ಹೊಡೆಯೋಣ ಅಂತಿದ್ದವನ ಹತ್ತಿರ ಅಕ್ಕನ ಮಗಳು ಒಂದು ಪುಸ್ತಕ ಹಿಡ್ಕೊಂಡು ಬಂದಳು. ಆರನೇ ಕ್ಲಾಸು ಅವಳು, ವೈಟ್‌ಫೀಲ್ಡ್ ಕಡೆ ಒಂದು ಇಂಗ್ಲಿಷ್ ಶಾಲೆ.

"ಮಾಮ, ಇದನ್ನ ಅಜ್ಜಿಗೆ ಕನ್ನಡದಲ್ಲಿ ಓದಿ ಹೇಳು."

"ನೀನೇ ಹೇಳೇ, ನಿನಗೇನು ಕನ್ನಡ ಬರಲ್ವಾ?"

"ಬರತ್ತೆ. ಆದ್ರೆ ಪಾಪ್ಯುಲರ್ ಗರ್ಲ್ಸ್ ಅನ್ನೋಕೆ ಕನ್ನಡದಲ್ಲಿ ಏನಂತಾರೆ?"

ಬಾಯಿ ತೆರೆದೆ, ಮುಚ್ಚಿದೆ. ಜನಪ್ರಿಯ ಹುಡುಗಿಯರು? ಜನಪ್ರಿಯ ಶಾಸಕರು ಅಂತ ಫ್ಲೆಕ್ಸ್‌ನಲ್ಲಿ ಹಾಕ್ತಾರೆ, ಜನಪ್ರಿಯ ಧಾರಾವಾಹಿ ಅಂತಾರೆ. ಆರನೇ ಕ್ಲಾಸಿನ ಹುಡುಗಿಗೆ ಜನಪ್ರಿಯ ಅಂದ್ರೆ ಅಮ್ಮ ನಕ್ಕುಬಿಡ್ತಾರೆ.

ಪುಸ್ತಕ ರೈನಾ ಟೆಲ್ಗೆಮಿಯರ್ ಬರೆದು ಚಿತ್ರಿಸಿದ 'ಸ್ಮೈಲ್'. 2010ರಲ್ಲಿ ಬಂದದ್ದು. ಆರನೇ ಕ್ಲಾಸಲ್ಲಿರುವಾಗ ಲೇಖಕಿ ಬಿದ್ದು ಮುಂದಿನ ಎರಡು ಹಲ್ಲು ಕಳ್ಕೊಂಡಿದ್ದು, ಆಮೇಲೆ ವರ್ಷಗಟ್ಟಲೆ ಹಲ್ಲಿಗೆ ತಂತಿ ಹಾಕಿಸಿಕೊಂಡು ಓಡಾಡಿದ್ದು, ಜೊತೆಯ ಹುಡುಗಿಯರೇ ಗೇಲಿ ಮಾಡಿದ್ದು, ಎಲ್ಲಾ ಅವರ ಸ್ವಂತ ಕಥೆ. ನಗು ಬರೋ ಹಾಗೇ ಹೇಳಿದ್ದಾರೆ. ಆದರೆ ನಮ್ಮ ಹುಡುಗಿ ನಗ್ತಾ ಇರಲಿಲ್ಲ. ಮೂರು ವಾರದಿಂದ ಊಟದ ಡಬ್ಬಿ ಅರ್ಧ ಹಾಗೇ ವಾಪಸ್ ಬರ್ತಾ ಇದೆ, ಕೇಳಿದ್ರೆ ಏನೂ ಹೇಳಲ್ಲ ಅಂತ ಅಕ್ಕ ಫೋನಲ್ಲಿ ಹೇಳಿದ್ದು ಆಗ ನೆನಪಾಯ್ತು. ಹೇಳಬೇಕಾದ್ದು ಆ ಪುಸ್ತಕದಲ್ಲಿ ಇತ್ತು. ಹೇಳಬೇಕಾದ ಅಜ್ಜಿಗೆ ಇಂಗ್ಲಿಷ್ ಬರಲ್ಲ. ನನ್ನ ನಿದ್ದೆ ಅಲ್ಲಿಗೆ ಹೋಯ್ತು.

ಈ ಥರದ ಪುಸ್ತಕಗಳು ಇಂಗ್ಲಿಷಿನಲ್ಲೂ ಬಹಳ ಹಳೆಯವೇನಲ್ಲ. 2007ರಲ್ಲಿ ಜೆಫ್ ಕಿನ್ನಿಯ 'ಡೈರಿ ಆಫ್ ಎ ವಿಂಪಿ ಕಿಡ್' ಬಂತು, ಗೆರೆ ಹಾಕಿದ ನೋಟ್‌ಬುಕ್ಕಿನ ಹಾಗೆ ಕಾಣೋ ಪುಸ್ತಕ. 2010ರಲ್ಲಿ 'ಸ್ಮೈಲ್' ಜೊತೆಗೇ ಏಮಿ ಇಗ್ನಾಟೋ ಅವರ 'ಪಾಪ್ಯುಲಾರಿಟಿ ಪೇಪರ್ಸ್' ಬಂತು. ಅದರಲ್ಲಿ ಇಬ್ಬರು ಹುಡುಗಿಯರು ಶಾಲೆಯಲ್ಲಿ ಯಾರಿಗೆ ಹವಾ ಇದೆ, ಯಾಕಿದೆ ಅಂತ ವಿಜ್ಞಾನಿಗಳ ಥರ ಗಮನಿಸಿ ನೋಟ್‌ಬುಕ್ಕಲ್ಲಿ ಬರ್ಕೋತಾರೆ. ಹತ್ತು ವರ್ಷದೊಳಗೆ ಇವಕ್ಕೆ ಮರ್ಯಾದೆ ಎಷ್ಟು ಬಂತೆಂದರೆ, ಹೊಸ ಶಾಲೆಗೆ ಸೇರಿದ ಕಪ್ಪು ಹುಡುಗನೊಬ್ಬನ ಕಥೆ, ಜೆರ್ರಿ ಕ್ರಾಫ್ಟ್ ಅವರ 'ನ್ಯೂ ಕಿಡ್', 2020ರಲ್ಲಿ ಅಮೆರಿಕದ ನ್ಯೂಬೆರಿ ಪದಕ ಪಡೆಯಿತು. ಚಿತ್ರಕಾದಂಬರಿಗೆ ಆ ಪದಕ ಸಿಕ್ಕಿದ್ದು ಅದೇ ಮೊದಲು.

ಸರಿ, ನಮ್ಮ ಕಥೆ ಏನು? ಕನ್ನಡದ ಮಕ್ಕಳು ಚಿತ್ರಕಥೆ ಓದದೆ ಬೆಳೆದವರೇನಲ್ಲ. ಚಂದಮಾಮ 1947ರ ಜುಲೈನಲ್ಲಿ ತೆಲುಗು, ತಮಿಳಿನಲ್ಲಿ ಮದ್ರಾಸಿನಿಂದ ಶುರುವಾಗಿ, ಎರಡೇ ವರ್ಷಕ್ಕೆ, 1949ರಲ್ಲಿ ಕನ್ನಡಕ್ಕೆ ಬಂತು. ನಮ್ಮ ಅಮ್ಮ ಅಕ್ಷರ ಗಟ್ಟಿ ಮಾಡಿಕೊಂಡಿದ್ದೇ ಬೇತಾಳನ ಕಥೆ ಓದಿ. ಅಮರ ಚಿತ್ರ ಕಥೆ ಅಂದ್ರೆ ಮುಂಬೈ, ಅನಂತ ಪೈ, 1967 ಅಂತ ಎಲ್ಲರೂ ಹೇಳ್ತಾರೆ. ಆದರೆ ಆ ಹೆಸರಿನ ಮೊದಲ ಹತ್ತು ಪುಸ್ತಕಗಳು ಕನ್ನಡದವು. ಇಂಡಿಯಾ ಬುಕ್ ಹೌಸ್‌ನ ಬೆಂಗಳೂರು ಶಾಖೆಯಲ್ಲಿದ್ದ ಜಿ. ಕೆ. ಅನಂತರಾಮ್ ತಾವು 1965ರಲ್ಲಿ ಅವನ್ನು ಕನ್ನಡದಲ್ಲಿ ತಂದ ಬಗೆಯನ್ನು ಹೇಳಿಕೊಂಡಿದ್ದಾರೆ. ಎಲ್ಲವೂ ಸಿಂಡ್ರೆಲಾ ಥರದ ಪರದೇಶದ ಕಥೆಗಳು. ಹನ್ನೊಂದನೆಯದಾಗಿ ಕೃಷ್ಣ ಬಂದ, ಆಮೇಲೆ ರಾಜರು, ಋಷಿಗಳು, ವೀರರು ಸಾಲಾಗಿ ಬಂದರು.

ನನ್ನ ಕಾಲಕ್ಕೆ, ಅಂದ್ರೆ 2000ದ ದಶಕದಲ್ಲಿ, ನಮ್ಮೂರ ಸರ್ಕಾರಿ ಶಾಲೆಯಲ್ಲಿ ಇವರ್ಯಾರೂ ಇರಲಿಲ್ಲ. ಇದ್ದವನು ಒಬ್ಬನೇ, ಡಿಂಗ! ಬಾಲಮಂಗಳದ ಡಿಂಗ ನಿಮಗೂ ನೆನಪಿರಬೇಕು, ಸೊಂಟಕ್ಕೆ ಚಡ್ಡಿ, ಬೆನ್ನಿಗೆ ಹೊದಿಕೆ, ಹಾರಿ ಬರೋ ಇಲಿ. ಜೊತೆಗೆ ಶಕ್ತಿಮದ್ದು, ಕಾಡಿನ ಕಿಟ್ಟ. ಅವನು ಅಪ್ಪಟ ಕನ್ನಡದ ಇಲಿ ಅಂತ ನಾನು ಇಂಜಿನಿಯರಿಂಗ್ ಮುಗಿಸೋ ತನಕ ನಂಬಿದ್ದೆ. ಹಾಸ್ಟೆಲ್ಲಿನ ಕೇರಳದ ರೂಮ್‌ಮೇಟ್ ಅದನ್ನೂ ಕಿತ್ಕೊಂಡ. ಕೊಟ್ಟಾಯಂನ ಮಂಗಳಂ ಸಂಸ್ಥೆಯ ಮಲಯಾಳಂ ಬಾಲಮಂಗಳಂನಲ್ಲಿ 1983ರಲ್ಲಿ ಹುಟ್ಟಿದ ಡಿಂಕನ್ ಇವನು. ಕಥೆ ಎನ್. ಸೋಮಶೇಖರನ್ ಅವರದ್ದು, ಚಿತ್ರ ಬೇಬಿ ಅವರದ್ದು. ಕನ್ನಡಕ್ಕೆ ಬರುವಾಗ ಡಿಂಗ ಆದ, ಅಷ್ಟೇ. ಮಲಯಾಳಂ ಪತ್ರಿಕೆ 2012ರಲ್ಲಿ ನಿಂತುಹೋಯ್ತು.

ಶಾಲೆಯಲ್ಲಿ ನನ್ನ ಬೆಂಚಿನ ಗೆಳೆಯನೊಬ್ಬನಿಗೆ ಅವನ ಚಿಕ್ಕಪ್ಪ ಕೆ. ಆರ್. ಪುರದಿಂದ ಬಾಲಮಂಗಳ ತರ್ತಿದ್ದರು. ಸಂಚಿಕೆ ಬಂದ ದಿನ ಅವನ ಹವಾ ನೋಡಬೇಕಿತ್ತು. ಮೊದಲು ಯಾರು ಓದಬೇಕು, ಆಮೇಲೆ ಯಾರು, ಯಾರಿಗೆ ಬರೀ ಮುಖಪುಟ ಮಾತ್ರ, ಎಲ್ಲಾ ಅವನೇ ತೀರ್ಮಾನ ಮಾಡೋನು. ಅವನ ಜೊತೆ ಜಗಳ ಆಡಿದ್ರೆ ಒಂದು ತಿಂಗಳು ಡಿಂಗ ಇಲ್ಲ. ನನಗೆ ಯಾವಾಗಲೂ ಎರಡನೇ ನಂಬರ್ ಸಿಗ್ತಿತ್ತು, ಯಾಕಂದ್ರೆ ನನ್ನ ಲೆಕ್ಕದ ಪುಸ್ತಕ ಅವನಿಗೆ ಬೇಕಿತ್ತು :-) ಈಗ ಯೋಚಿಸಿದರೆ ಏಮಿ ಇಗ್ನಾಟೋ ಬರೆಯಬೇಕಾದ ವಸ್ತು ನಮ್ಮ ಬೆಂಚಿನ ಮೇಲೇ ಇತ್ತು. ಆದರೆ ನಾವು ತಲೆ ಬಗ್ಗಿಸಿ ಓದ್ತಿದ್ದ ಪುಟದಲ್ಲಿ ಕಾಡು.

ಯಾಕೆ ಯಾವಾಗಲೂ ಕಾಡೇ? ಅರಮನೆ, ಆಶ್ರಮ, ಕಾಡು ಬಿಟ್ಟರೆ ನಮ್ಮ ಚಿತ್ರಕಥೆಗಳಿಗೆ ಜಾಗವೇ ಇರಲಿಲ್ಲವಾ? ಚಂಪಕದಲ್ಲಿ ಶಾಲೆ ಬರ್ತಿತ್ತು, ಒಪ್ಪಿಕೊಳ್ತೀನಿ. ಆದರೆ ಅಲ್ಲಿ ಓದೋರು ಮೊಲ, ಅಳಿಲು, ಪಾಠ ಹೇಳೋದು ಕರಡಿ. ನೀತಿ ಹೇಳಬೇಕು ಅನ್ನೋ ಚಟ ಇದಕ್ಕೆ ಕಾರಣ ಅಂತ ಸುಮಾರು ಜನ ಹೇಳ್ತಾರೆ. ನನಗೆ ಅದು ಪೂರ್ತಿ ಸರಿ ಅನ್ನಿಸಲ್ಲ. ಡಿಂಗನಲ್ಲಿ ಏನು ಮಹಾ ನೀತಿ ಇತ್ತು? ಗುದ್ದಾಟ ಇತ್ತು.

ನಾನು ಆಫೀಸಲ್ಲಿ ಮಾಡೋ ಕೆಲಸ ಲೋಕಲೈಸೇಶನ್. ಒಂದೇ ಆಪ್ ಇಪ್ಪತ್ತು ಭಾಷೆಯಲ್ಲಿ ಓಡಬೇಕು. ಅಲ್ಲಿ ನಮಗೆ ಮೊದಲ ದಿನ ಹೇಳಿಕೊಡೋ ಪಾಠ ಇದು: ಚಿತ್ರದೊಳಗೆ ಅಕ್ಷರ ಬರೆಯಬೇಡಿ. ಬರೆದರೆ ಪ್ರತಿ ಭಾಷೆಗೂ ಚಿತ್ರ ಹೊಸದಾಗಿ ಮಾಡಬೇಕು, ದುಡ್ಡು ದಂಡ. ಈಗ ಮೇಲಿನ ಪತ್ರಿಕೆಗಳ ಊರು ನೋಡಿ. ಚಂದಮಾಮ ಮದ್ರಾಸು, ಹತ್ತಕ್ಕೂ ಹೆಚ್ಚು ಭಾಷೆ. ಅಮರ ಚಿತ್ರ ಕಥೆ ಮುಂಬೈ. ಚಂಪಕ ದೆಹಲಿ. ಡಿಂಗ ಕೊಟ್ಟಾಯಂ. ಚಿತ್ರ ಒಂದು ಸಲ ಬರೆಸೋದು, ಮಾತು ಮಾತ್ರ ಬದಲಾಯಿಸಿ ಎಲ್ಲಾ ಕಡೆ ಮಾರೋದು. ಚಿತ್ರಗಾರನಿಗೆ ಸಂಬಳ ಕೊಟ್ಟು ಪತ್ರಿಕೆಯನ್ನ ಕೈಗೆಟುಕೋ ಬೆಲೆಗೆ ಕೊಡಬೇಕಾದರೆ ಅದೇ ದಾರಿ.

ಆ ದಾರಿಯಲ್ಲಿ ತರಗತಿ ಬರೆಯೋಕಾಗಲ್ಲ. ತರಗತಿ ಅಂದ ಕೂಡಲೇ ಬೋರ್ಡು ಬರುತ್ತೆ. ಬೋರ್ಡಿನ ಮೇಲೆ ಯಾವ ಭಾಷೆ? ಕನ್ನಡ ಬರೆದರೆ ಕೊಚ್ಚಿಗೆ ಹೋಗಲ್ಲ, ಮಲಯಾಳಂ ಬರೆದರೆ ಕೋಲಾರಕ್ಕೆ ಬರಲ್ಲ. ಖಾಲಿ ಬಿಡಬಹುದು, ಆದರೆ ಬೋರ್ಡು ಒಂದೇ ಅಲ್ಲವಲ್ಲ. ಹುಡುಗರು ಬೆಂಚಿನ ಮೇಲೋ ನೆಲದ ಮೇಲೋ? ಕಾಲಲ್ಲಿ ಶೂ ಇದೆಯೋ ಇಲ್ಲವೋ? ಕನ್ನಡ ಮೀಡಿಯಮ್ಮೋ ಇಂಗ್ಲಿಷೋ? ಹೆಸರು ಹೇಳಿದರೆ ಯಾವ ಜಾತಿ ಅಂತ ಗೊತ್ತಾಗುತ್ತೋ? ಕ್ಲಾಸಲ್ಲಿ ಯಾರ ಹವಾ ನಡೆಯುತ್ತೆ ಅನ್ನೋದು ತೀರ್ಮಾನ ಆಗೋದೇ ಇವುಗಳಿಂದ. ಇವನ್ನೆಲ್ಲ ಅಳಿಸಿದರೆ ಉಳಿಯೋದು ಮೊಲ ಮತ್ತು ಕರಡಿ. ಪಂಕಿಲ ಕಾಡಿನಲ್ಲಿ ಮೀಡಿಯಮ್ಮಿನ ತಕರಾರಿಲ್ಲ, ಅದಕ್ಕೇ ಡಿಂಗ ಅಷ್ಟು ಸಲೀಸಾಗಿ ಗಡಿ ದಾಟಿದ.

ಹೊಟ್ಟೆ ಉರಿಯೋದು ಯಾಕೆ ಅಂದ್ರೆ, ಬೋರ್ಡಿನ ಕಥೆ ನಮ್ಮಲ್ಲಿ ಅಮೆರಿಕದವರಿಗಿಂತ ಮುಕ್ಕಾಲು ಶತಮಾನ ಮೊದಲೇ ಬರೆದಾಗಿತ್ತು. ಆರ್. ಕೆ. ನಾರಾಯಣ್ 1930ರಲ್ಲಿ ಬೆಂಗಳೂರಿನಲ್ಲಿ, ಅಜ್ಜಿ ನೋಡಿಕೊಟ್ಟ ಒಳ್ಳೆಯ ದಿನ ಬರೆಯೋಕೆ ಕೂತರು, 1935ರಲ್ಲಿ 'ಸ್ವಾಮಿ ಅಂಡ್ ಫ್ರೆಂಡ್ಸ್' ಲಂಡನ್ನಿನಲ್ಲಿ ಅಚ್ಚಾಯಿತು. ಕ್ರಿಕೆಟ್ಟು, ರೈಲು ನಿಲ್ದಾಣ ಎಲ್ಲರಿಗೂ ನೆನಪಿರುತ್ತೆ. ನನಗೆ ಮರೆಯದ್ದು ಬೇರೆ. ಪೊಲೀಸ್ ಸಾಹೇಬರ ಮಗ ರಾಜಂ ಹೊಸದಾಗಿ ಕ್ಲಾಸಿಗೆ ಬರ್ತಾನೆ, ಒಳ್ಳೆ ಬಟ್ಟೆ, ಒಳ್ಳೆ ಇಂಗ್ಲಿಷು. ಸ್ವಾಮಿ ಅವನ ಹಿಂದೆ ಹಿಂದೆ ಸುತ್ತೋಕೆ ಶುರು ಮಾಡ್ತಾನೆ. ಹಳೇ ಗೆಳೆಯರು ಮಾತು ಬಿಡ್ತಾರೆ. ಒಂದು ದಿನ ಕ್ಲಾಸಿಗೆ ಬಂದು ನೋಡಿದರೆ ಬೋರ್ಡಿನ ಮೇಲೆ ಒಂದೇ ಪದ, ಬಾಲ. ಸ್ವಾಮಿ ಹೋಗಿ ಕೈಯಿಂದಲೇ ಅಳಿಸಿ, ಬಂದು ಹಳೇ ಗೆಳೆಯನೊಬ್ಬನ ಕೆನ್ನೆಗೆ ಬಿಗೀತಾನೆ. (ಬಾಲಮಂಗಳದ ಬಾಲ ಬೇರೆ, ಈ ಬಾಲ ಬೇರೆ. ಕನ್ನಡದಲ್ಲಿ ಎರಡೂ ಒಂದೇ ಅಕ್ಷರ!)

ಚಿತ್ರಗಾರನೂ ಮನೆಯಲ್ಲೇ ಇದ್ದ. ತಮ್ಮ ಆರ್. ಕೆ. ಲಕ್ಷ್ಮಣ್, 1921ರಲ್ಲಿ ಮೈಸೂರಿನಲ್ಲಿ ಹುಟ್ಟಿದವರು, ಮಹಾರಾಜಾ ಕಾಲೇಜಿನಲ್ಲಿ ಓದುತ್ತಿದ್ದಾಗಲೇ ಅಣ್ಣನ ಕಥೆಗಳಿಗೆ ಚಿತ್ರ ಬರೀತಿದ್ದರು. ನಗೆಪತ್ರಿಕೆಯೂ ಇತ್ತು. ರಾಶಿ ಅಂತಲೇ ಹೆಸರಾದ ಡಾ. ಎಂ. ಶಿವರಾಂ 1942ರಲ್ಲಿ ಬೆಂಗಳೂರಿನಲ್ಲಿ ಕೊರವಂಜಿ ಶುರು ಮಾಡಿದಾಗ ಅದರಲ್ಲಿ ಬರೆದ ಹುಡುಗರಲ್ಲಿ ಲಕ್ಷ್ಮಣ್ ಒಬ್ಬರು. ಕಥೆ, ಗೆರೆ, ಕನ್ನಡದ ನಗೆ, ಮೂರೂ ಒಂದೇ ರಾಜ್ಯದಲ್ಲಿ, ಒಂದೇ ಕಾಲದಲ್ಲಿ. ಆದರೆ ಕಥೆ ಇಂಗ್ಲಿಷಿನಲ್ಲಿತ್ತು, ಕೊರವಂಜಿಯ ನಗು ದೊಡ್ಡವರದ್ದು, ಲಕ್ಷ್ಮಣ್ ಮುಂಬೈಗೆ ಹೊರಟುಹೋದರು. ಕೊರವಂಜಿ 1967ಕ್ಕೆ ನಿಂತಿತು. ಕೊನೆಗೆ 1986ರಲ್ಲಿ ಶಂಕರ್ ನಾಗ್ ಆಗುಂಬೆಯಲ್ಲಿ ನಮ್ಮ ಮಾಸ್ಟರ್ ಮಂಜುನಾಥ್‌ನನ್ನ ಸ್ವಾಮಿ ಮಾಡಿ ಟೀವಿಗೆ ತಂದರು. ಅದೂ ಹಿಂದಿಯಲ್ಲಿ. ಶಂಕರಣ್ಣನ ಮೇಲೆ ನನಗೆ ಸಿಟ್ಟೇನಿಲ್ಲ, ದೂರದರ್ಶನಕ್ಕೆ ಇಡೀ ದೇಶ ಬೇಕಿತ್ತು. ಮತ್ತೆ ಅದೇ ಬೋರ್ಡಿನ ತಾಪತ್ರಯ.

ಬೋರ್ಡಿಗೆ ಹೆದರದೆ ಕನ್ನಡದಲ್ಲೇ ಮಾಡಿದ್ದು ಅಂದ್ರೆ ನನಗೆ ನೆನಪಾಗೋದು ಪುಸ್ತಕ ಅಲ್ಲ, ಸಿನಿಮಾ. ರಿಷಭ್ ಶೆಟ್ಟಿಯವರ 2018ರ 'ಸರ್ಕಾರಿ ಹಿ. ಪ್ರಾ. ಶಾಲೆ ಕಾಸರಗೋಡು'. ಅಲ್ಲಿ ಕನ್ನಡ ಶಾಲೆಗೆ ಕನ್ನಡ ಬರದ ಮೇಷ್ಟ್ರು ಬರ್ತಾರೆ, ಬೋರ್ಡಿನ ಮೇಲೆ ಯಾವ ಭಾಷೆ ಅನ್ನೋದೇ ಕಥೆ. ಜೊತೆಗೆ ಹುಡುಗರ ತರಲೆ, ಗೆಳೆತನ, ಹುಡುಗಿ ಮುಂದೆ ಹೀರೋ ಆಗೋ ಆಸೆ. ಅತ್ಯುತ್ತಮ ಮಕ್ಕಳ ಚಿತ್ರ ಅಂತ ರಾಷ್ಟ್ರಪ್ರಶಸ್ತಿನೂ ಬಂತು. ಗಡಿಯಾಚೆ ಇರೋ ಕಾಸರಗೋಡಿನ ಮಕ್ಕಳೇ ಇದಕ್ಕೆ ಬೇಕಾದರು ನೋಡಿ.

ನನ್ನ ಗೆಳೆಯನ ವಿಷಯ ಅರ್ಧಕ್ಕೆ ಬಿಟ್ಟೆ. ಐದನೇ ಕ್ಲಾಸಿಗೆ ನನ್ನನ್ನ ಇಂಗ್ಲಿಷ್ ಶಾಲೆಗೆ ಹಾಕಿದರು. ಟೈ, ಶೂ, ಮನೆ ಮುಂದೆ ವ್ಯಾನು. ಒಂದು ದಿನ ವ್ಯಾನು ಊರ ಬಸ್‌ಸ್ಟಾಪಿನಲ್ಲಿ ನಿಂತಾಗ ಅವನು ಹೊಸ ಬಾಲಮಂಗಳ ಎತ್ತಿ ಹಿಡಿದು ನನ್ನ ಹೆಸರು ಕೂಗಿದ. ನನಗೆ ಮೊದಲ ನಂಬರ್ ಕೊಡೋಕೆ ಬಂದಿದ್ದ. ಪಕ್ಕದಲ್ಲಿದ್ದ ಹೊಸ ಹುಡುಗ "ಯಾರದು?" ಅಂತ ಕೇಳಿದ. "ಗೊತ್ತಿಲ್ಲ" ಅಂದೆ. ಸ್ವಾಮಿ ಕೊನೆಗೆ ರೈಲು ಹೊರಟಾಗ ಗೆಳೆಯನ ಕೈಯಲ್ಲಾದರೂ ರಾಜಂಗೆ ಒಂದು ಪುಸ್ತಕ ತಲುಪಿಸ್ತಾನೆ. ನಾನು ವ್ಯಾನಿನ ಕಿಟಕಿ ಗಾಜು ಏರಿಸಿದೆ. ಅವನು ಈಗಲೂ ಊರಲ್ಲೇ ಇದ್ದಾನೆ, ಸಿಕ್ಕಾಗ ಟೀ ಕುಡೀತೀವಿ. ಈ ಮಾತು ಇಬ್ಬರೂ ಎತ್ತಲ್ಲ.

ಇದನ್ನೆಲ್ಲ ಅಕ್ಕನ ಮಗಳಿಗೆ ಹೇಳಲಿಲ್ಲ. ಇಬ್ಬರೂ ಹಜಾರದಲ್ಲಿ ಕೂತು ಹಳದಿ ಅಂಟುಚೀಟಿ ತಗೊಂಡು 'ಸ್ಮೈಲ್'ನ ಮಾತಿನ ಗುಳ್ಳೆಗಳ ಮೇಲೆ ಕನ್ನಡ ಅಂಟಿಸೋಕೆ ಶುರು ಮಾಡಿದ್ವಿ. ಕನ್ನಡಕ್ಕೆ ಜಾಗ ಸಾಲಲ್ಲ, ಒತ್ತಕ್ಷರ ಕೆಳಗಿನ ಸಾಲಿಗೆ ತಾಗುತ್ತೆ. ಎರಡು ಗಂಟೆಗೆ ಆರು ಪುಟ. 'ಪಾಪ್ಯುಲರ್' ಬಂದ ಕಡೆ ಬರೀ ಗೆರೆ ಎಳೆದು ಬಿಟ್ಟಿದ್ವಿ.

ಅಮ್ಮ ಕನ್ನಡಕ ಹಾಕ್ಕೊಂಡು, ಬೆರಳಿಟ್ಟು ಓದಿದರು. ಒಂದು ಪುಟದಲ್ಲಿ ನಿಂತರು.

"ಹಲ್ಲಿಗೆ ತಂತಿ ಹಾಕ್ಸಿದ್ದಕ್ಕೆ ಈ ಹುಡುಗೀರು ಇವಳಿಗೆ ಠೂ ಬಿಟ್ಟವ್ರಾ?"

"ಇನ್ನೂ ಬಿಟ್ಟಿಲ್ಲ ಅಜ್ಜಿ. ಬರೀ ನಗ್ತಾರೆ."

"ಮತ್ತೆ ನಿಂಗ್ಯಾರು ಬಿಟ್ಟಿದ್ದು?"

ಹುಡುಗಿ ನನ್ನ ಕಡೆ ನೋಡಿದಳು, ಆಮೇಲೆ ಅಜ್ಜಿ ಕಡೆ ತಿರುಗಿ ಕೂತಳು. ನಾನು ಕಾಫಿ ಮಾಡೋಕೆ ಅಂತ ಒಳಗೆ ಎದ್ದು ಹೋದೆ. ಬರೋ ಹೊತ್ತಿಗೆ ಮೂರು ಹೆಸರು ಹೊರಗೆ ಬಂದಿದ್ದವು, ಅದರಲ್ಲಿ ಒಂದಕ್ಕೆ ಅಮ್ಮ ಆಗಲೇ ಒಂದು ಅಡ್ಡಹೆಸರೂ ಇಟ್ಟಾಗಿತ್ತು.