ಹಳೆಯ ಪದ್ಮಿನಿಗೆ ಹೊಸ ಓಟ: ಮೊದಲು ಬ್ರೇಕ್, ಅನಂತರ ಎಂಜಿನ್

ಮುಂಬಯಿಯ ಕುರ್ಲಾದ ಪ್ರೀಮಿಯರ್ ಆಟೋಮೊಬೈಲ್ಸ್ ಕಾರ್ಖಾನೆಯಲ್ಲಿ 1964ರಿಂದ ತಯಾರಾಗುತ್ತಿದ್ದ ಫಿಯೆಟ್ 1100 ಡಿಲೈಟ್ ಕಾರು, 1974ರಲ್ಲಿ ಚಿತ್ತೋರಿನ ರಾಣಿಯ ಹೆಸರು ಪಡೆದು ಪ್ರೀಮಿಯರ್ ಪದ್ಮಿನಿ ಎನಿಸಿಕೊಂಡಿತು. ಈ ಶತಮಾನದ ಆರಂಭದಲ್ಲಿ ಅದರ ತಯಾರಿಕೆ ನಿಂತಿತು. 2023ರ ಅಕ್ಟೋಬರ್‌ನಲ್ಲಿ ಮುಂಬಯಿಯ ಕಪ್ಪು-ಹಳದಿ ಟ್ಯಾಕ್ಸಿಗಳ ಸಾಲಿನಿಂದಲೂ ಅದು ಮರೆಯಾಯಿತು. ಆದರೂ ಶೆಡ್ಡಿನಲ್ಲಿ ತುಕ್ಕು ಹಿಡಿದು ನಿಂತ ಪದ್ಮಿನಿಯೊಂದನ್ನು ಕೊಂಡು, ಘಟ್ಟದ ರಸ್ತೆಯಲ್ಲಿ ಚುರುಕಾಗಿ ಓಡಿಸಬೇಕೆಂಬ ಹಂಬಲವುಳ್ಳವರು ನಮ್ಮಲ್ಲಿ ಇದ್ದೇ ಇದ್ದಾರೆ. ಮದರಾಸಿನ ಬಳಿಯ ಶೋಳಾವರಂ ವಿಮಾನಪಟ್ಟಿಯ ರೇಸುಗಳಲ್ಲಿ ಹಿಂದೆ ಈ ಫಿಯೆಟ್‌ಗಳೂ ಓಡಿದ್ದವು.

ಸ್ಪ್ಯಾನರ್ ಹಿಡಿಯುವ ಮೊದಲೇ ನಿರ್ಧರಿಸಬೇಕಾದ ಸಂಗತಿ ಒಂದಿದೆ. 2021ರಲ್ಲಿ ಕೇಂದ್ರ ಸರ್ಕಾರ ಪ್ರಕಟಿಸಿದ ನಿಯಮದಂತೆ, 50 ವರ್ಷ ದಾಟಿದ ಮತ್ತು ಮೂಲರೂಪ ಉಳಿಸಿಕೊಂಡ ವಾಹನಕ್ಕೆ ಮಾತ್ರ ವಿಂಟೇಜ್ ನೋಂದಣಿ ದೊರೆಯುತ್ತದೆ. ಅಂಥ ವಾಹನವನ್ನು ನಿತ್ಯ ಬಳಸುವಂತಿಲ್ಲ. ನಿಸಾನ್ ಮೂಲದ 1171 ಸಿ.ಸಿ.ಯ 118 ಎನ್‌ಇ ಎಂಜಿನ್ ಕೂರಿಸುವುದು ಜನಪ್ರಿಯ ಮಾರ್ಗವೇನೋ ಹೌದು. ಆದರೆ ಮೋಟಾರು ವಾಹನ ಕಾಯಿದೆಯ 52ನೇ ಕಲಮಿನ ಪ್ರಕಾರ ಆರ್‌ಟಿಒ ಅನುಮತಿಯಿಲ್ಲದೆ ಎಂಜಿನ್ ಬದಲಿಸುವುದು ಅಪರಾಧ. ತಯಾರಕರ ಮೂಲ ವಿನ್ಯಾಸಕ್ಕೆ ವಿರುದ್ಧವಾದ ಮಾರ್ಪಾಡು ಸಲ್ಲದೆಂದು ಸುಪ್ರೀಂ ಕೋರ್ಟ್ 2019ರಲ್ಲಿ ತೀರ್ಪಿತ್ತಿದೆ. ಆದಕಾರಣ ಮೂಲ ಎಂಜಿನ್ನನ್ನೇ ಹದಗೊಳಿಸುವುದು ಲೇಸು.

ಪದ್ಮಿನಿಗೆ ಪ್ರತ್ಯೇಕ ಛಾಸಿ ಇಲ್ಲ, ಬಾಡಿಯೇ ಭಾರ ಹೊರುತ್ತದೆ. ಹೀಗಾಗಿ ತುಕ್ಕು ಇಲ್ಲಿ ಅಂದದ ಪ್ರಶ್ನೆಯಲ್ಲ, ಪ್ರಾಣದ ಪ್ರಶ್ನೆ. ಕಾಲಿಡುವ ತಳ, ಬಾಗಿಲ ಕೆಳಗಿನ ಪಟ್ಟಿ, ಡಿಕ್ಕಿಯ ತಳ, ಹಿಂಬದಿಯ ಕಮಾನುಪಟ್ಟಿ ಸೇರುವ ಜಾಗ, ಇವನ್ನು ಸ್ಕ್ರೂಡ್ರೈವರಿನಿಂದ ಕುಕ್ಕಿ ನೋಡಬೇಕು. ಪುಟ್ಟಿ ಮೆತ್ತಿ ಬಣ್ಣ ಬಳಿದ ಕಾರಿಗಿಂತ ತುಕ್ಕು ಕಣ್ಣಿಗೆ ಕಾಣುವ ಕಾರೇ ಮೇಲು. ಕೊಳೆತ ತಗಡನ್ನು ಕತ್ತರಿಸಿ ಹೊಸದನ್ನು ಬೆಸೆಯುವ ಟಿಂಕರ್ ಕೆಲಸಕ್ಕೇ ಹೆಚ್ಚಿನ ಹಣ ಹೋಗುವುದುಂಟು.

ಇನ್ನು ಬ್ರೇಕ್. ನಾಲ್ಕೂ ಚಕ್ರಗಳಿಗೆ ಇರುವುದು ಡ್ರಮ್. ಚಾರ್ಮಾಡಿಯಂಥ ಘಟ್ಟ ಇಳಿಯುವಾಗ ಒಂದೇ ಸಮನೆ ಒತ್ತಿದರೆ ಡ್ರಮ್ ಕಾದು ಹಿಡಿತ ಕ್ಷೀಣಿಸುತ್ತದೆ. ಹಳೆಯ ಮಾದರಿಗಳಲ್ಲಿ ನಾಲ್ಕು ಚಕ್ರಗಳಿಗೂ ಬ್ರೇಕ್ ಆಯಿಲ್ ಮಾರ್ಗ ಒಂದೇ ಆದ್ದರಿಂದ, ಒಂದು ಹೋಸ್ ಒಡೆದರೂ ಪೆಡಲ್ ನೆಲ ಮುಟ್ಟೀತು. ಹೋಸ್, ವ್ಹೀಲ್ ಸಿಲಿಂಡರ್, ಮಾಸ್ಟರ್ ಸಿಲಿಂಡರ್ ಎಲ್ಲವನ್ನೂ ಹೊಸದಾಗಿಸಿ, ಡ್ರಮ್ಮನ್ನು ಲೇತಿನಲ್ಲಿ ಸಮಗೊಳಿಸಿ, ಆಯಿಲ್ ಬದಲಿಸಿದ ಮೇಲಷ್ಟೇ ವೇಗದ ಮಾತು. ಮುಂಬದಿಯ ಕಿಂಗ್‌ಪಿನ್, ಬುಶ್‌ಗಳ ಸಡಿಲವನ್ನು ಹಾಗೆಯೇ ಬಿಟ್ಟು ಅಗಲವಾದ ಟೈರ್ ಹಾಕುವುದು ಹಣ ವ್ಯರ್ಥ ಮಾಡಿದಂತೆ. ಒಳ್ಳೆಯ ರೇಡಿಯಲ್ ಟೈರ್, ಹೊಸ ಶಾಕ್ ಅಬ್ಸಾರ್ಬರ್ ಇಷ್ಟರಿಂದಲೇ ತಿರುವಿನಲ್ಲಿ ಕಾರಿನ ನಡತೆ ಬದಲಾಗುತ್ತದೆ.

ಎಂಜಿನ್ 1089 ಸಿ.ಸಿ.ಯದು, ಸಿಲಿಂಡರಿನ ವ್ಯಾಸ 68 ಮಿ.ಮೀ., ಪಿಸ್ಟನ್ ಚಲನೆ 75 ಮಿ.ಮೀ. ಬೋರಿಂಗ್ ಮಾಡಿ ವ್ಯಾಸವನ್ನು 69ಕ್ಕೆ ಏರಿಸಿದರೂ ಸಿಗುವುದು 1122 ಸಿ.ಸಿ., ಅಂದರೆ ಕೇವಲ 33 ಸಿ.ಸಿ. ಹೆಚ್ಚು. ಆದ್ದರಿಂದ ಬೋರಿಂಗ್ ಸವೆತಕ್ಕೆ ಮದ್ದೇ ಹೊರತು ಶಕ್ತಿಗಲ್ಲ. ಶಕ್ತಿ ಬೇಕಾದರೆ ಹೆಡ್ಡಿನತ್ತ ನೋಡಬೇಕು: ಗಾಳಿಯ ದಾರಿಗಳನ್ನು ನುಣುಪಾಗಿಸುವುದು, ಹೆಡ್ಡನ್ನು ತುಸುವೇ ತೇಯಿಸಿ ಕಂಪ್ರೆಶನ್ ಏರಿಸುವುದು, ಕಾರ್ಬ್ಯುರೇಟರ್ ಹೊಂದಿಸುವುದು. ಹೆಚ್ಚು ತೇಯಿಸಿದರೆ ಎಂಜಿನ್ ಕುಟ್ಟತೊಡಗುತ್ತದೆ. ಈಗಿನ ಪೆಟ್ರೋಲಿನಲ್ಲಿ ಶೇ. 20ರವರೆಗೆ ಎಥನಾಲ್ ಇರುವುದರಿಂದ ಹಳೆಯ ರಬ್ಬರ್ ಪೈಪುಗಳನ್ನೂ ಪಂಪಿನ ಡಯಾಫ್ರಮ್ಮನ್ನೂ ತಪ್ಪದೆ ಬದಲಿಸಬೇಕು. ಜೆಟ್ಟನ್ನು ಒಂದಿಷ್ಟು ದೊಡ್ಡದಾಗಿಸಬೇಕಾದೀತು. ರೇಡಿಯೇಟರಿನ ಒಳಗಿನ ಕಿಲುಬು ತೆಗೆಸದಿದ್ದರೆ ಘಟ್ಟ ಏರುವಾಗಲೇ ಅದು ಕುದಿಯುವುದು.

ಜೋಡಿಸಿದ ಎಂಜಿನ್ನನ್ನು ಮೊದಲ ಸಾವಿರ ಕಿಲೋಮೀಟರ್ ಅವಸರಿಸದೆ ಓಡಿಸಿ, ಐನೂರಕ್ಕೊಮ್ಮೆ ಆಯಿಲ್ ಬದಲಿಸಿ, ಹೆಡ್ ಬೋಲ್ಟ್ ಹಾಗೂ ಟ್ಯಾಪೆಟ್‌ಗಳನ್ನು ಮತ್ತೆ ಪರೀಕ್ಷಿಸಿಕೊಳ್ಳತಕ್ಕದ್ದು.