ದೊಡ್ಡಪ್ಪನ ಹಿತ್ತಾಳೆ ಬಿಲ್ಲೆ

ಬೇಲೂರು, ಹಳೇಬೀಡು ಅಂದ್ರೆ ಆಫೀಸಿನ ಗೆಳೆಯರಿಗೆ ವೀಕೆಂಡ್ ಟ್ರಿಪ್. ನನಗೆ ಅದು ಊರ ಕಡೆ. ಬೇಲೂರಿನ ಮದನಿಕೆಯರ ಕೆಳಗೆ ಬಳ್ಳಿಗಾವೆಯ ದಾಸೋಜ, ಅವನ ಮಗ ಚಾವಣ ತಮ್ಮ ಹೆಸರು ಕೆತ್ತಿಟ್ಟಿದ್ದಾರೆ. ಒಂಬೈನೂರು ವರ್ಷ ಕಳೆದರೂ ಇದು ಇಂಥವನ ಕೈಕೆಲಸ ಅಂತ ಹೇಳಬಹುದು. ಅದೇ ಸೀಮೆಯಿಂದ ಬೆಂಗಳೂರಿನ ಮಿಲ್ಲೊಂದಕ್ಕೆ ಹೋದ ನಮ್ಮ ದೊಡ್ಡಪ್ಪನ ಗುರುತಾಗಿ ಉಳಿದಿರೋದು ಒಂದು ಹಿತ್ತಾಳೆ ಬಿಲ್ಲೆ. ಅದರ ಮೇಲೆ ಬರೀ ನಂಬರು.

ಮಳೆ ಕೈಕೊಟ್ಟ ವರ್ಷ ಅರಸೀಕೆರೆ ಜಂಕ್ಷನ್ನಿನಲ್ಲಿ ರೈಲು ಹತ್ತಿದವರು ಅವರು. ಮೊದಲು ‘ಬದಲಿ’ ಕೆಲಸ. ಬೆಳಗ್ಗೆ ಗೇಟಿನ ಮುಂದೆ ನಿಲ್ಲೋದು, ಕಾಯಂ ಆಳು ಯಾರಾದರೂ ಬರದಿದ್ದರೆ ಮಾತ್ರ ಅವತ್ತಿನ ಕೂಲಿ. ಆಮೇಲೆ ರಿಂಗ್ ಫ್ರೇಮ್ ಆಪರೇಟರ್ ಆದರು. ನೂರಾರು ಕದಿರು ಒಟ್ಟಿಗೆ ತಿರುಗುವ ಯಂತ್ರ ಅದು. ಎಳೆ ಕಡಿದ ಕಡೆಗೆ ಓಡಿಹೋಗಿ, ಯಂತ್ರ ನಿಲ್ಲಿಸದೆ, ಬೆರಳಲ್ಲೇ ಜೋಡಿಸಬೇಕು. ಗಾಳಿ ಒಣಗಿದರೆ ನೂಲು ಕಡಿಯುತ್ತೆ ಅಂತ ಒಳಗೆ ಸದಾ ತೇವ, ಸೆಕೆ. ಸದ್ದಿಗೆ ಪಕ್ಕದವನ ಮಾತೂ ಕೇಳಿಸದು. ಊರಿಗೆ ಬಂದಾಗಲೂ ದೊಡ್ಡಪ್ಪ ಕೂಗಿಯೇ ಮಾತಾಡ್ತಿದ್ರು. ಜಗಳ ಆಡ್ತಿದಾರೆ ಅಂತ ನಾವು ಹುಡುಗರು ಓಡಿಹೋಗ್ತಿದ್ವಿ.

ಐಟಿಗೆ ಮುಂಚಿನ ಬೆಂಗಳೂರು ಮಿಲ್ಲುಗಳ ಊರೂ ಹೌದು. ಮಲ್ಲೇಶ್ವರದ ರಾಜಾ ಮಿಲ್ ಇದ್ದ ಜಾಗದಲ್ಲೇ ಈಗ ನಾವು ಸಿನಿಮಾ ನೋಡುವ ಮಾಲ್ ಇದೆ. ಇನ್ನು ಮಿನರ್ವ ಮಿಲ್ಸ್. 1971ರಲ್ಲಿ ಕೇಂದ್ರ ಸರ್ಕಾರ ಅದರ ಆಡಳಿತ ವಹಿಸಿಕೊಂಡಿತು, 1974ರ ಕಾಯ್ದೆಯಿಂದ ಅದು ರಾಷ್ಟ್ರೀಕರಣವಾಯಿತು. ಮಾಲೀಕರ ಕಡೆಯವರು ಸುಪ್ರೀಂ ಕೋರ್ಟಿಗೆ ಹೋದರು. ಸಂವಿಧಾನ ತಿದ್ದಲು ಸಂಸತ್ತಿಗೆ ಮಿತಿಯಿಲ್ಲದ ಅಧಿಕಾರ ಇಲ್ಲ ಅಂತ 1980ರಲ್ಲಿ ತೀರ್ಪು ಬಂತು. ಕಾನೂನು ಓದುವವರಿಗೆಲ್ಲ ಆ ಹೆಸರು ಬಾಯಿಪಾಠ. ಅದು ನಿಜವಾಗಲೂ ಒಂದು ಮಿಲ್ಲು, ಅಲ್ಲೂ ಪಾಳಿ ಮೇಲೆ ಆಳುಗಳು ದುಡೀತಿದ್ರು ಅಂತ ಎಷ್ಟು ಜನಕ್ಕೆ ನೆನಪಾಗುತ್ತೋ!

ದೊಡ್ಡಪ್ಪನಿಗೆ ಸಂವಿಧಾನದ ಮಾತು ಬೇಕಿರಲಿಲ್ಲ. “ಸರ್ಕಾರ ತಗೊಂಡ್ರೆ ಗೇಟ್ ಮುಚ್ಚಲ್ಲ ಕಣೋ,” ಅಷ್ಟೇ ಅವರ ಲೆಕ್ಕ. ಅವರಿದ್ದ ಮಿಲ್ಲಿನ ಗೇಟು ಒಂದಿನ ಮುಚ್ಚಿತು. ಬಿಲ್ಲೆ ಜೇಬಲ್ಲಿಟ್ಟುಕೊಂಡು ಊರಿಗೆ ಬಂದರು.

ಈಗ ಹಾಸನದ ಬಟ್ಟೆ ಕಾರ್ಖಾನೆಯ ಬಸ್ಸು ಬೆಳಗಿನ ಜಾವ ನಮ್ಮೂರ ಕ್ರಾಸಿಗೆ ಬರುತ್ತೆ. ಹತ್ತುವವರಲ್ಲಿ ಹೆಣ್ಣುಮಕ್ಕಳೇ ಹೆಚ್ಚು, ದೊಡ್ಡಪ್ಪನ ಮೊಮ್ಮಗಳೂ ಒಬ್ಬಳು. ಮೊದಲ ದಿನ ದೊಡ್ಡಪ್ಪ ಅವಳ ಐಡಿ ಕಾರ್ಡು ಹಿಡಿದು ನೋಡಿದರು. “ಪರವಾಗಿಲ್ವೇ, ಹೆಸರು ಹಾಕಿದಾರೆ,” ಅಂದರು.

ಅವಳು ಕಾರ್ಡು ತಿರುಗಿಸಿ ತೋರಿಸಿದಳು: “ಕರೆಯೋದು ಇದರಲ್ಲಿ ತಾತ.” ಹಿಂದುಗಡೆ ಆರಂಕಿಯ ನಂಬರಿತ್ತು.