ಎಂಜಿನ್ ಎಣ್ಣೆಯ ಒತ್ತಡಪರೀಕ್ಷೆ, ಹಳೆಯ ಟ್ರ್ಯಾಕ್ಟರುಗಳಲ್ಲಿ

ಹಳೆಯ ಕೃಷಿ ಟ್ರ್ಯಾಕ್ಟರಿನ ಎಂಜಿನ್ನಿನಲ್ಲಿ ಪಂಪು ನೂಕುವ ಎಣ್ಣೆಯು ಬೇರಿಂಗುಗಳನ್ನು ಸಾಕಷ್ಟು ಒತ್ತಡದಿಂದ ತಲುಪುತ್ತಿರುವುದೇ ಎಂಬುದನ್ನು ಮಾಪಕದ ಮೂಲಕ ಅಳೆದು ನಿರ್ಣಯಿಸುವ ಕ್ರಮ. 1917ರ ಫೋರ್ಡ್‌ಸನ್ ಎಫ್‌ನಂಥ ಆದ್ಯಯಂತ್ರಗಳಲ್ಲಿ ಎಣ್ಣೆಯು ಬರಿಯ ಎರಚಾಟದಿಂದ ಹರಡುತ್ತಿದ್ದುದರಿಂದ ಅಳೆಯತಕ್ಕ ಒತ್ತಡವೇ ಇರಲಿಲ್ಲ; ಪಂಪಿನ ಪದ್ಧತಿ ರೂಢವಾದ ಬಳಿಕ, 1946ರಿಂದ 1956ರವರೆಗೆ ಇಂಗ್ಲೆಂಡಿನ ಕವೆಂಟ್ರಿಯಲ್ಲಿ ನಿರ್ಮಿತವಾದ ಫರ್ಗ್ಯುಸನ್ ಟಿಇ-20 ಮೊದಲಾದವುಗಳ ಫಲಕದಲ್ಲಿ ಮಾಪಕವು ಸ್ಥಾನ ಪಡೆದಿತ್ತು. ಫ್ರಾನ್ಸಿನ ಯೂಜೀನ್ ಬೂರ್ದೋನ್ 1849ರಲ್ಲಿ ಪೇಟೆಂಟ್ ಪಡೆದ ಬಾಗುಕೊಳವೆಯು ಒತ್ತಡವೇರಿದಂತೆ ನೆಟ್ಟಗಾಗಲೆಳಸಿ ಮುಳ್ಳನ್ನು ತಿರುಗಿಸುವುದೇ ಇಂಥ ಮಾಪಕದ ತತ್ತ್ವ.

ಫಲಕದ ಮಾಪಕವು ಕಾಲಾಂತರದಲ್ಲಿ ತಪ್ಪು ತೋರುವುದುಂಟಾದ್ದರಿಂದ, ಮೊದಲು ಎಣ್ಣೆಯ ಮಟ್ಟವನ್ನು ನೋಡಿ, ಮುಖ್ಯ ಎಣ್ಣೆನಾಳದ ಬಿರಡೆಯನ್ನು ಕಳಚಿ, ಖಚಿತವಾದ ಬೇರೊಂದು ಮಾಪಕವನ್ನು ಜೋಡಿಸಿ, ಎಂಜಿನ್ ಚೆನ್ನಾಗಿ ಕಾದ ಮೇಲೆ ಮಂದಗತಿಯಲ್ಲಿಯೂ ಕೆಲಸದ ವೇಗದಲ್ಲಿಯೂ ಒತ್ತಡವನ್ನು ಗುರುತಿಸಿಕೊಂಡು, ತಯಾರಕರ ಕೈಪಿಡಿಯ ಅಂಕಿಗಳೊಡನೆ ಹೋಲಿಸುವುದು ವಿಹಿತ. ತಣ್ಣನೆಯ ಎಣ್ಣೆ ಮಂದವಾಗಿರುವುದರಿಂದ ಆಗ ಕಾಣುವ ಹೆಚ್ಚಿನ ಒತ್ತಡವು ವಿಶ್ವಾಸಾರ್ಹವಲ್ಲ. ಕಾದಾಗ ಮುಳ್ಳು ಇಳಿಯುವುದಕ್ಕೆ ಸವೆದ ಬೇರಿಂಗು, ಕಟ್ಟಿಕೊಂಡ ಜಾಲರಿ, ಒತ್ತಡನಿಯಂತ್ರಕ ಕವಾಟದ ಬಲಗುಂದಿದ ಸ್ಪ್ರಿಂಗು ಅಥವಾ ತೆಳುವಾದ ಎಣ್ಣೆ ಕಾರಣವಾಗಿರಬಹುದು. ಮುಳ್ಳು ಸೊನ್ನೆಗಿಳಿದರೆ ಎಂಜಿನ್ನನ್ನು ಒಡನೆಯೇ ನಿಲ್ಲಿಸತಕ್ಕದ್ದು.